ನಮ್ಮ ಮೊಹರು ಬಿದ್ದ ಪುಡಿ

ನನ್ನ ಸರೋಜಕ್ಕಾ,

ನೀವು ನಮ್ಮನ್ನೆಲ್ಲ ಅಗಲಿ ಹೋಗಿ ವರ್ಷ ತುಂಬಿತು. ಇಷ್ಟು ದಿನ ನಿಮಗೆ ಬರೆಯಲು ನನಗೆ ಮುಖವಿರಲಿಲ್ಲ. ಈಗ ಇದೆ, ಅದಕ್ಕೇ ಕೂತಿದ್ದೇನೆ.

ಆ ಸಕ್ಕರೆ ಕಾಯಿಲೆಯ ಶಿಬಿರ ನೆನಪಿದೆಯೇ? ಉದಯಗಿರಿಯ ನಮ್ಮ ಟ್ರಸ್ಟಿನ ಕ್ಲಿನಿಕ್ಕಿನೊಳಗೆ ನರ್ಸ್ ಆಗಿದ್ದ ನೀವು ಬೆರಳು ಚುಚ್ಚಿ ರಕ್ತ ನೋಡುತ್ತಿದ್ದಿರಿ. ಹೊರಗೆ ಶಾಮಿಯಾನದ ಕೆಳಗೆ ನಾನು, ಸಕ್ಕರೆ ಇಳಿಸುತ್ತದೆಂದು ದಾನಿಯೊಬ್ಬರು ಕಳಿಸಿದ್ದ ಕಹಿಪುಡಿಯ ಪೊಟ್ಟಣಗಳಿಗೆ ಟ್ರಸ್ಟಿನ ಮೊಹರು ಒತ್ತುತ್ತಿದ್ದೆ. ನೀವು ಎದ್ದು ಬಂದು ಒಂದು ಪೊಟ್ಟಣ ಬಿಚ್ಚಿ ಮೂಸಿ ನೋಡಿದಿರಿ. "ಇದರಲ್ಲಿ ಏನೇನಿದೆ ಅಂತ ನಿಮಗೆ ಗೊತ್ತಾ ಸಾರ್? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಮ್ಮ ಹೆಸರಲ್ಲಿ ಕೊಡಬಾರದು" ಎಂದು ಅಲ್ಲೇ ನಿಂತಿದ್ದ ಟ್ರಸ್ಟಿನ ಅಧ್ಯಕ್ಷರ ಮುಖಕ್ಕೇ ಹೇಳಿದಿರಿ. ಅವರು ನಕ್ಕರು. "ಸೊಪ್ಪುಸದೆ ಪುಡಿ ತಾನೆ ಸಿಸ್ಟರ್, ದಾನಿಗಳ ಮನಸ್ಸು ಯಾಕೆ ನೋಯಿಸ್ಬೇಕು?" ಆಗ ನೀವು ನನ್ನ ಕಡೆ ತಿರುಗಿದಿರಿ. ನಾನು ತಲೆ ಎತ್ತಲಿಲ್ಲ ಅಕ್ಕ. ಮೊಹರು ಒತ್ತುತ್ತಲೇ ಇದ್ದೆ.

ಇಡ್ಲಿ ಗಾಡಿಯ ಜಯಮ್ಮನ ಮನೆಗೆ ನನ್ನನ್ನು ಮೊದಲು ಕರೆದುಕೊಂಡು ಹೋದವರು ನೀವೇ. ಹೊಸ್ತಿಲಲ್ಲೇ ಕೂತಿರಿ. ಮೊದಲ ಲೋಟ ಕಾಫಿ ಮುಗಿಯುವವರೆಗೂ ಕಾಯಿಲೆಯ ಮಾತೆತ್ತಬಾರದು ಎನ್ನುವುದು ನಿಮ್ಮ ಕಟ್ಟುನಿಟ್ಟು. ಎರಡನೆಯ ಲೋಟಕ್ಕೆ ಇನ್ಸುಲಿನ್ ಮಾತು ಬಂತು, ಜಯಮ್ಮ ಹೆದರಿದರು, ನೀವು ಅವಸರ ಮಾಡಲಿಲ್ಲ. ನಾಲ್ಕನೆಯ ಸಲ ಹೋದಾಗ ಅವರೇ ತೋಳು ಚಾಚಿ, "ಸಿಸ್ಟರಮ್ಮ ಹೇಳುದ್ಮೇಲೆ ಮುಗೀತು ಬುಡಿ" ಎಂದಿದ್ದರು.

ಈ ಬೇಸಿಗೆಯಲ್ಲಿ ಒಂದು ದಿನ ಬೀದಿಯ ಎಲ್ಲರ ಫೋನಿಗೂ ಒಂದು ಫೋಟೋ ಬಂತು. ಅದೇ ಪೊಟ್ಟಣ, ಅದೇ ಮೊಹರು. ಜೊತೆಗೆ ಯಾರದೋ ದನಿ: "ಇನ್ಸುಲಿನ್ ಚುಚ್ಕೊಂಡ್ರೆ ಕಿಡ್ನಿ ಹೊಂಟೋಯ್ತದೆ. ಈ ಪುಡಿ ಸಾಕು. ನೋಡ್ಕಳಿ, ಟ್ರಸ್ಟ್‌ನೋರೇ ಕೊಟ್ಟವ್ರೆ." ಜಯಮ್ಮನ ಮನೆಯ ಡಬ್ಬಿಯಲ್ಲಿ ಆ ಪುಡಿ ಇನ್ನೂ ಇತ್ತು. ಸೂಜಿ ಬಿಟ್ಟರು. ಕೆಲವೇ ದಿನಗಳಲ್ಲಿ ಗಾಡಿಯ ಪಕ್ಕ ಪ್ರಜ್ಞೆ ತಪ್ಪಿ ಬಿದ್ದರು. ಆಸ್ಪತ್ರೆಯವರು ಉಳಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಜಯಮ್ಮ ಮತ್ತೆ ಸೂಜಿ ಬೇಡವೆಂದರು. ಅವರು ನಂಬಿದ್ದು ಆ ದನಿಯನ್ನೋ, ನಮ್ಮ ಮೊಹರನ್ನೋ? ನೀವಾದರೂ ಹೇಳಿ.

ಅಧ್ಯಕ್ಷರು ವಿಜಯನಗರ ಬಡಾವಣೆಯ ತಮ್ಮ ಮನೆಯಲ್ಲಿ ಸಭೆ ಕರೆದರು. 'ವದಂತಿಗಳಿಗೆ ಕಿವಿಗೊಡಬೇಡಿ' ಎಂದು ಬ್ಯಾನರ್ ಕಟ್ಟಿಸುವುದು, ಪೊಟ್ಟಣ ನಮ್ಮದೇ ಅಲ್ಲ ಎಂದುಬಿಡುವುದು, ಇಷ್ಟೇ ತೀರ್ಮಾನ. ಸುಳ್ಳನ್ನು ಸುಳ್ಳಿನಿಂದ ಒರೆಸುವ ಸಮಾಜಸೇವೆ! ನನಗೆ ಮೈಯೆಲ್ಲ ಉರಿಯಿತು. "ಮೊಹರು ಒತ್ತಿದ್ದು ನಾನೇ ಸಾರ್" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ನೋಡಿ, "ನಾನು ಒಳ್ಳೆ ಮನಸ್ಸಿಂದ ತಗೊಂಡಿದ್ದು" ಎಂದು ಅಧ್ಯಕ್ಷರು ತಾವಾಗಿ ಶುರು ಮಾಡಿದರು. ಕೊನೆಗೆ, "ಟ್ರಸ್ಟಿನ ಹೆಸರು ಹಾಳಾಗುತ್ತೆ ಕಣಮ್ಮ" ಎಂದರು. ಯಾವ ಹೆಸರು ಅಕ್ಕ? ನೀವು ಚಪ್ಪಲಿ ಸವೆಸಿ ಗಳಿಸಿದ್ದ ಹೆಸರನ್ನು ನಾವು ಅವತ್ತೇ...

ಮಾರನೆಯ ಬೆಳಿಗ್ಗೆ ಜಯಮ್ಮನ ಹೊಸ್ತಿಲಲ್ಲಿ ಕೂತೆ. ಮೊದಲ ಲೋಟ ಮುಗಿಯಿತು. ಎರಡನೆಯದು ಬರಲಿಲ್ಲ. "ಅವತ್ತು ಪುಡಿ ಕೊಟ್ಟೋರೂ ನೀವೆಯಾ, ಇವತ್ತು ಸೂಜಿ ಚುಚ್ಕೊ ಅನ್ನೋರೂ ನೀವೆಯಾ. ಯಾವ್ದ ನಂಬ್ಲವ್ವ ನಾನು?" ಎಂದರು. ನಾನು ಎಲ್ಲ ಹೇಳಿದೆ: ಅದರಲ್ಲಿ ಏನಿದೆಯೆಂದು ನಮಗೆ ಗೊತ್ತಿರಲಿಲ್ಲ, ಸಿಸ್ಟರಮ್ಮ ಬೇಡವೆಂದಿದ್ದರು, ನಾನು ಕೇಳಲಿಲ್ಲ. ಜಯಮ್ಮ ಬೀದಿಗೆಲ್ಲ ಕೇಳುವಂತೆ ಬೈದರು. ಬೈಸಿಕೊಂಡೆ. ಬೈದು ಸಾಕಾದ ಮೇಲೆ, "ನನ್ನನ್ನ ನಂಬೋದು ಬೇಡ ಜಯಮ್ಮ, ಡಾಕ್ಟರನ್ನ ನೀವೇ ಕೇಳಿ" ಎಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ನಾನು ಹಿಂದೆ ಸರಿದು ನಿಂತೆ. "ಸೂಜಿಯಿಂದ ಕಿಡ್ನಿ ಹೋಯ್ತದಾ ಸಾ?" ಎಂದು ಜಯಮ್ಮನೇ ಕೇಳಿದರು. "ಸಕ್ಕರೆ ಹತೋಟಿ ತಪ್ಪಿದ್ರೆ ಕಿಡ್ನಿ ಕೆಡುತ್ತಮ್ಮ, ಇನ್ಸುಲಿನ್‌ನಿಂದ ಅಲ್ಲ" ಎಂದರು ಡಾಕ್ಟರು. ಆಟೋದಲ್ಲಿ ಜಯಮ್ಮನನ್ನು ಮನೆಗೆ ಬಿಟ್ಟು ಬಂದೆ. ಸಂಜೆ ಅವರೇ ಫೋನ್ ಮಾಡಿ, ಚುಚ್ಚಿಕೊಂಡೆ ಎಂದಷ್ಟೇ ಹೇಳಿ ಇಟ್ಟರು. ನಾನು ಅತ್ತುಬಿಟ್ಟೆ ಅಕ್ಕ.

ಅವತ್ತಿನಿಂದ ಮನೆಮನೆಗೂ ಹೋಗಿ ತಪ್ಪು ಒಪ್ಪಿಕೊಂಡು ಉಳಿದ ಪೊಟ್ಟಣಗಳನ್ನು ವಾಪಸು ತರುತ್ತಿದ್ದೇನೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ನಾಳೆ ಮತ್ತೆ ತಟ್ಟುತ್ತೇನೆ. ಮೊನ್ನೆ ಟ್ರಸ್ಟಿನಿಂದ ನನಗೆ ನೋಟಿಸು ಬಂದಿದೆ: ಸಂಸ್ಥೆಯ ಮಾನ ಕಳೆದದ್ದಕ್ಕೆ ಸೋಮವಾರದ ಸಭೆಯಲ್ಲಿ ಕ್ಷಮೆ ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು. ನಾನು ಕೇಳಬೇಕಾದವರ ಕ್ಷಮೆಯನ್ನು ಕೇಳಿಯಾಗಿದೆ. ಇವರಿಗೆ ಒಂದಕ್ಷರವನ್ನೂ ಬರೆದುಕೊಡುವುದಿಲ್ಲ. ಕೆಲಸ ಹೋದರೂ ಬೀದಿ ನನ್ನದೇ ತಾನೆ? ವಿಷಯ ತಿಳಿದ ಜಯಮ್ಮ ಸೋಮವಾರ ಗಾಡಿ ಹಾಕುವುದಿಲ್ಲವಂತೆ.

"ನಾನೂ ಬತ್ತೀನಿ ಕಣವ್ವ" ಎಂದರು. "ಬಿದ್ದೋಳು ನಾನು, ಎದ್ದೋಳು ನಾನು. ಮಾನ ಯಾರ್ದು ಹೋಯ್ತು ಅಂತ ನನ್ನೇ ಕೇಳ್ಲಿ. ಕುರ್ಚಿ ಹಾಕ್ದಿದ್ರೆ ನೆಲದ ಮೇಲೆ ಕುಂತ್ಕತೀನಿ. ಯಾರು ಎಬ್ಬುಸ್ತಾರೋ ನೋಡೇಬುಡಾನ!"

ನಿಮ್ಮ,
ಗೌರಿ