ಮೊರದ ಹಿಂದಿನ ಹಂದಿಗಳು

ಕೊಳ್ಳೇಗಾಲ
೧೩-೧-೨೦೨೫

ಪ್ರೀತಿಯ ಮೂರ್ತಿಯಣ್ಣನಿಗೆ ಕೋಮಲ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಜ್ಜೀಪುರದಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೈಯಬೇಡ. ಫೋನು ಮಾಡೋಣವೆಂದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ. ಮಾತ್ರೆ ತಪ್ಪಿಸುತ್ತಿಲ್ಲ. ನಾವಿಬ್ಬರೂ ಸೇರಿ ಹೇಳಿದಂತೆ, ತನಗಿರುವುದು ಬರೀ ರಕ್ತ ಕಮ್ಮಿ ಎಂದೇ ತಿಳಿದಿದ್ದಾಳೆ.

ಅವಳ ಮನಸ್ಸು ಬೇರೆ ಕಡೆ ಇರಲಿ ಅಂತ ಒಂದು ಆಟ ಶುರು ಮಾಡಿದ್ದೇನೆ, ಕೇಳಿದರೆ ನಗುತ್ತೀಯ. ನಮ್ಮ ಯಜಮಾನರು ಮೈಸೂರಿನಿಂದ ತಂದದ್ದು. ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ವೀರರಾಗಿ ದಾಳ ಹಾಕುತ್ತಾ ರಾಕ್ಷಸರ ಜೊತೆ ಹೊಡೆದಾಡಬೇಕು. ಕಥೆ ಹೇಳುವವಳು ನಾನು. ಅವ್ವ, ಯಜಮಾನರು, ಪಕ್ಕದ ಮನೆಯ ಶಿವರತ್ನಮ್ಮ ವೀರರು. ನನ್ನ ದಾಳ ಅವರಿಗೆ ಕಾಣಬಾರದಲ್ಲ, ಮೊರ ಅಡ್ಡ ನಿಲ್ಲಿಸಿಕೊಂಡು ಕೂರುತ್ತೇನೆ.

ಇದರಲ್ಲಿ ನನ್ನ ತಲೆ ತಿನ್ನುತ್ತಿರುವುದು ಒಂದೇ ವಿಷಯ. ಯಾವ ರಾಕ್ಷಸನಿಗೆ ಎಷ್ಟು ಬಲ ಕೊಡಬೇಕು? ಸಪ್ಪೆಯಾದರೆ ಆಕಳಿಸುತ್ತಾರೆ, ಖಾರವಾದರೆ ಸತ್ತೇ ಹೋಗುತ್ತಾರೆ. ಆಟದ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಅಂಕಿ ಕೊಟ್ಟಿದ್ದಾರೆ. ಅದನ್ನು ನಂಬಿ ಮನೆಯಷ್ಟು ದೊಡ್ಡ ಕಾಡುಹಂದಿ ಬಿಟ್ಟೆ. ಪಾಪ, ಅದು ಒಂದು ಸಲ ಕೋರೆ ಬೀಸುವಷ್ಟರಲ್ಲಿ ಇವರ ಕಡೆ ಮೂವರ ಸರದಿಯೂ ಮುಗಿಯುತ್ತಿತ್ತು. ಅವ್ವ ಹೊಡೆಯಲೂ ಇಲ್ಲ, ಹೊಲ ಕಾಯುವ ಅಟ್ಟಣೆ ಹತ್ತಿ ತಗಡು ಬಡಿಯುತ್ತೇನೆ ಅಂದಳು. ಹಂದಿ ಓಡಿಹೋಯಿತು. ಪುಸ್ತಕ ಬರೆದವರು ರಾಗಿ ಹೊಲ ಕಾದವರಲ್ಲ ಬಿಡು.

ನಿನ್ನೆ ಅದೇ ಬಲವನ್ನು ಹಂಚಿ ಆರು ಸಣ್ಣ ಹಂದಿ ಮಾಡಿದೆ. ಲೆಕ್ಕಕ್ಕೆ ಎರಡೂ ಒಂದೇ ತಾನೆ? ಅಲ್ಲವೇ ಅಲ್ಲ ಕಣಣ್ಣ. ತಗಡಿನ ಸದ್ದಿಗೆ ಒಂದೆರಡು ಓಡಿದರೂ ಉಳಿದವು ಸುತ್ತುವರಿದು ನುಗ್ಗಿದವು. ಯಜಮಾನರು ಬಿದ್ದರು. ಅವ್ವನ ವೀರೆಗೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಆಟವೆಂದು ಗೊತ್ತಿದ್ದೂ ನನಗೆ ಭಯವಾಯಿತು. ಮೊರದ ಹಿಂದೆ, ಅವಳ ಮೇಲೆ ಬಂದ ಹಂದಿಯ ಬಲವನ್ನು ಸದ್ದಿಲ್ಲದೆ ಇಳಿಸಿಬಿಟ್ಟೆ. ಶಿವರತ್ನಮ್ಮನ ಸಣ್ಣ ಏಟಿಗೇ ಅದು ಉರುಳಿತು. ಅವರು ಹಿಗ್ಗಿದ್ದೇ ಹಿಗ್ಗಿದ್ದು. ಅವ್ವ ಮಾತ್ರ ನಗಲಿಲ್ಲ.

"ಅಂಥದ್ದೇ ಇನ್ನೊಂದು ಅಂದಿ ಅಷ್ಟು ಏಟು ತಿಂದೂ ನಿಂತಿತ್ತು. ನನ್ ಮ್ಯಾಕೆ ಬಂದದ್ದು ಒಂದೇಟ್ಗೆ ಬಿದ್ದೋಯ್ತಾ?" ಅಂದಳು.

ಅದಕ್ಕೆ ಜ್ವರ ಬಂದಿತ್ತು ಅಂದೆ. ಉಳಿದವರು ನಕ್ಕು ಎದ್ದರು.

ಬಲ ಅಳೆಯುವುದು ಹೇಗೆಂದು ಇನ್ನೂ ಯೋಚಿಸುತ್ತಲೇ ಇದ್ದೇನೆ. ನಿನ್ನ ಹೊಲಕ್ಕೆ ಬರುವ ಹಿಂಡು ಎಷ್ಟು ಜನಕ್ಕೆ ಹೆದರುತ್ತದೆ, ಒಂಟಿ ಹಂದಿ ಎಷ್ಟಕ್ಕೆ ಹೆದರುತ್ತದೆ, ಸ್ವಲ್ಪ ನೋಡಿ ಹೇಳು. ಅತ್ತಿಗೆಗೆ ನಮಸ್ಕಾರ. ಮಗಳು ಸಿಂಧು ಪರೀಕ್ಷೆ ಚೆನ್ನಾಗಿ ಬರೆಯಲಿ, ಮಾದಪ್ಪ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ
ಕೋಮಲ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಶಿವರತ್ನಮ್ಮ ಹೋದ ಮೇಲೆ ಅವ್ವ ದಾಳಗಳನ್ನು ಡಬ್ಬಿಗೆ ತುಂಬುತ್ತಾ, "ಡಾಕ್ಟ್ರು ಏಳಿದ್ನೂ ನೀವಿಬ್ರೂ ಇಂಗೇ ಇಳ್ಸಿ ಏಳಿದ್ದೀರಾ?" ಎಂದು ಕೇಳಿದಳು. ನಾನು ಮೊರ ಎತ್ತಿಡಲು ಎದ್ದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಎಷ್ಟು ದೊಡ್ದು ಅಂತ ಗೊತ್ತಾದ್ರೆ ತಾನೆ ಕಣವ್ವ, ನಾನೇನ್ ಮಾಡ್ಬೇಕು ಅಂತ ನೋಡ್ಕಳೋದು" ಅಂದಳು. ಅಣ್ಣ, ಒಬ್ಬಳೇ ಹೇಳಲು ನನಗೆ ಧೈರ್ಯವಿಲ್ಲ. ಕಾಗದ ತಲುಪಿದ ತಕ್ಷಣ ಹೊರಟು ಬಾ.