ಹಸಿರು ಕುರ್ಚಿ ಹೆಣ್ಣು, ಹಸಿರು ಕೊಡೆ ಗಂಡು

ಮನೆಯಿಂದ,
ಸೋಮವಾರ, ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಕಾವಿಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೇ? ಹೊತ್ತಿಗೆ ಸರಿಯಾಗಿ ಉಣ್ಣು. ಕೈಗೆ ಕೆಲಸ ಸಿಕ್ಕರೆ ಹೊಟ್ಟೆಯನ್ನೇ ಮರೆಯುವ ಜಾತಿ ನಿನ್ನದು.

ಅಮ್ಮನಿಗೆ ಲಕ್ವ ಹೊಡೆದು ಮಾತು ಬಿದ್ದುಹೋದದ್ದನ್ನು ಹಿಂದೆಯೇ ಬರೆದಿದ್ದೆ. ಆಸ್ಪತ್ರೆಯಿಂದ ಬಂದ ಮೇಲೂ ಹಾಗೇ ಇದ್ದಳು. ಮಾತಿನ ಅಭ್ಯಾಸ ಮಾಡಿಸಲು ಬರುವ ಹುಡುಗಿ ಚಮಚ ತೋರಿಸಿ "ಇದೇನಮ್ಮಾ?" ಎಂದರೆ ತುಟಿ ಅಲುಗಿಸಿ, ಸೋತು, ಗೋಡೆಯ ಕಡೆ ತಿರುಗುತ್ತಿದ್ದಳು. ಜೀವಮಾನವಿಡೀ ಶಾಲೆಯಲ್ಲಿ ಫ್ರೆಂಚ್ ಪಾಠ ಹೇಳಿ, ಮನೆಯಲ್ಲಿ ನಮ್ಮಿಬ್ಬರನ್ನು ಬಾಯಿಮಾತಿನಲ್ಲೇ ಹದ್ದುಬಸ್ತಿನಲ್ಲಿಟ್ಟವಳನ್ನು ಹಾಗೆ ನೋಡಲಾಗುತ್ತಿರಲಿಲ್ಲ.

ನಿನ್ನೆ ಕಿಟಕಿಯ ಬಳಿ ಕೂರಿಸಿ ದಿಂಬು ಸರಿಪಡಿಸುತ್ತಿದ್ದೆ. ಕುರ್ಚಿಯ ತೋಳು ತಟ್ಟಿ "ಮಾ ಶೇಜ್ ವೆರ್ತ್" ಎಂದಳು. ನನ್ನ ಕೈ ಅಲ್ಲೇ ನಿಂತಿತು. ನನ್ನ ಹಸಿರು ಕುರ್ಚಿ ಎಂದು. ಅಷ್ಟು ಫ್ರೆಂಚ್ ಅವಳ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ನನಗೂ ಬರುತ್ತದೆ. ಆಮೇಲೆ ಮೂಲೆಯ ಹಸಿರು ಕೊಡೆ ತೋರಿಸಿ "ಮೋಂ ಪರಪ್ಲ್ವಿ ವೆರ್" ಎಂದಳು. ವೆರ್ತ್ ಹೋಗಿ ವೆರ್ ಆಯಿತಲ್ಲ, ಪಾಪ, ನಾಲಿಗೆ ಹೊರಳಲಿಲ್ಲ ಎಂದುಕೊಂಡೆ.

ಸಂಜೆ ಮಾತ್ರೆ ಕೊಡಲು ಔಷಧಿ ಅಂಗಡಿಯವರು ಬಂದರು. ಅಮ್ಮನ ಹಳೇ ವಿದ್ಯಾರ್ಥಿ. ನಡೆದದ್ದನ್ನೂ, ನಾಲಿಗೆ ಹೊರಳದ್ದನ್ನೂ ಹೇಳಿದೆ. ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. "ನಾಲಿಗೆ ಹೊರಳದೇ ಏನಮ್ಮ? ಫ್ರೆಂಚಲ್ಲಿ ಕುರ್ಚಿ ಹೆಣ್ಣು, ಕೊಡೆ ಗಂಡು. ಬಣ್ಣದ ಮಾತೂ ಅದಕ್ಕೆ ತಕ್ಕ ಹಾಗೆ ಬದಲಾಗ್ಬೇಕು, 'ನನ್ನ' ಅನ್ನೋದೂ ಬದಲಾಗ್ಬೇಕು. ಟೀಚರ್ ಒಂದಕ್ಷರಾನೂ ತಪ್ಪಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು.

ಅಣ್ಣಾ, ನಮ್ಮ ಮಾತಿನಲ್ಲಿ ಕುರ್ಚಿಯೂ 'ಅದು', ಕೊಡೆಯೂ 'ಅದು'. ತನ್ನ ಹೆಸರೇ ಬಾಯಿಗೆ ಬಾರದವಳು ಮನೆಯ ಒಂದೊಂದು ಸಾಮಾನು ಹೆಣ್ಣೋ ಗಂಡೋ ಎಂಬುದನ್ನು ಎಲ್ಲಿ ಜೋಪಾನ ಮಾಡಿದ್ದಳು? ಇವತ್ತು ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಮುಂದಿಟ್ಟೆ. ಬಿಳಿ ಹೊದಿಕೆ ಹೆಣ್ಣು, ಅದಕ್ಕೆ ಬ್ಲಾಂಶ್; ಬಿಳಿ ಬಟ್ಟಲು ಗಂಡು, ಅದಕ್ಕೆ ಬ್ಲಾಂ. ಅವಳ ಹಳೇ ನಿಘಂಟು ತೆರೆದು ನೋಡಿದೆ, ಒಂದೂ ಎಡವಿರಲಿಲ್ಲ. ನಾನು ಮಾತ್ರ ಬೆಪ್ಪಾಗಿ ನೆಲದ ಮೇಲೆ ಕೂತಿದ್ದೆ, ದೇವರ ಮುಂದೆ ಕೂತ ಹಾಗೆ. ಅಭ್ಯಾಸದ ಹುಡುಗಿ ಬಂದು ಕೇಳಿ, "ಯಾವ ಭಾಷೇಲಾದ್ರೂ ಬರ್ಲಿ, ತಡೀಬೇಡಿ" ಎಂದಳು.

ಔಷಧಿ ಅಂಗಡಿಯವರು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನೀರಿನ ಮೇಲಿರುವವನು, ಜೋಪಾನ.

ನಿನ್ನ ತಂಗಿ,
ವಟವಟ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಅಮ್ಮ ನಿನ್ನ ಫೋಟೋ ತೋರಿಸಿ "ಮೋಂ ಗ್ರಾಂ" ಎಂದಳು. ಹೆಣ್ಣಿಗಾದರೆ ಗ್ರಾಂದ್ ಎನ್ನಬೇಕಿತ್ತು. ನನ್ನ ದೊಡ್ಡವನು ಎಂದು ಅದರರ್ಥ. ಆಗಿನಿಂದ ಬಾಗಿಲನ್ನೇ ನೋಡುತ್ತಿದ್ದಾಳೆ. ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡು.