ಒಗೆಯಬಾರದಿದ್ದ ಏಪ್ರನ್

ಮಾರ್ಚ್ 4, ಸಂಜೆ

ಇವತ್ತು ನಲವತ್ತೆರಡು ಅಂಗಿ, ಹನ್ನೊಂದು ಕೋಟು. ಶೂಟಿಂಗ್ ಬಟ್ಟೆ ಎಲ್ಲ ಇಸ್ತ್ರಿಯಾಯಿತು. ಹೀರೋ ಆಗಲು ಬಂದ ನಮ್ಮ ಮನೆಯವರು ಮೂವತ್ತು ವರ್ಷದಿಂದ ಹೀರೋಗಳ ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದಾರೆ. ಗೆರೆ ಮಾತ್ರ ಕತ್ತಿಯಂತಿರುತ್ತದೆ. ಕ್ಯಾಮೆರಾ ಹಿಡಿಯುತ್ತೇನೆಂದ ಮಗ ಬಟ್ಟೆಯ ವ್ಯಾನ್ ಓಡಿಸುತ್ತಾನೆ. ಮನೆ ನಡೆಯುತ್ತಿದೆ, ಚೆನ್ನಾಗಿಯೇ.

ಸೊಸೆಗೆ ನರ್ಸ್ ಪಾತ್ರ. ಹನ್ನೆರಡು ವರ್ಷ ಗುಂಪಿನ ದೃಶ್ಯಗಳಲ್ಲಿ ನಿಂತವಳಿಗೆ ಮೊದಲ ಸಲ ಡೈಲಾಗ್ — ಒಂದೇ ಸಾಲು. ಅರ್ಧ ಸೀನ್ ಇವತ್ತಾಯಿತು, ಅವಳ ಮಾತು ನಾಳೆ. ಏಪ್ರನ್ ಕುರ್ಚಿಗೆ ಎಸೆದು ಮಲಗಿಬಿಟ್ಟಳು. ಅದರ ತುಂಬ ಬಣ್ಣದ ರಕ್ತ. ಕೊಳಕು ಬಟ್ಟೆ ನನ್ನ ಮನೆಯಲ್ಲಿ ಇರಕೂಡದು. ನೆನೆಸಿ, ತಿಕ್ಕಿ, ಒಣಹಾಕಿದೆ.

ಮಾರ್ಚ್ 5, ಬೆಳಗ್ಗೆ 6

ಏಪ್ರನ್ ಹಾಲಿನಂತಿದೆ. ಸೊಸೆ ಅದನ್ನು ಹಿಂದೆ ಮುಂದೆ ತಿರುಗಿಸಿ ಕಲೆ ಹುಡುಕಿದಳು. ನಿನ್ನೆಯ ಶಾಟ್‌ನಲ್ಲಿ ರಕ್ತವಿದ್ದು ಇವತ್ತು ಇಲ್ಲದಿದ್ದರೆ ಎರಡೂ ಸೇರುವುದಿಲ್ಲ. ನಿರ್ದೇಶಕ ನರ್ಸನ್ನೇ ಕಿತ್ತುಹಾಕುತ್ತಾನೆ.

ಒಗೆಯಬಾರದ ಬಟ್ಟೆಗೆ ಕೆಂಪು ದಾರ ಕಟ್ಟಬೇಕು. ನಿಯಮ ನನ್ನದೇ. ದಾರ ಯಾಕೆ ಕಟ್ಟಲಿಲ್ಲ ಎಂದೆ.

“ಕಟ್ಟಿದ್ದೆ ಅತ್ತೆ.”

ಹೌದು, ಕಟ್ಟಿದ್ದಳು. ಕೆಂಪಿನ ಮೇಲೆ ಕೆಂಪು… ನನಗೆ ಕಾಣಲಿಲ್ಲ.

ಅದೇ ದಿನ, ಮಧ್ಯಾಹ್ನ

ಸೊಸೆ ಮುಂಚೆಯೇ ಸೆಟ್ಟಿಗೆ ಹೋಗಿದ್ದಳು. ಹಿಂದೆಯೇ ನಾನೂ ಮನೆಯವರೂ ಹೋದೆವು.

“ಏನಮ್ಮಾ, ನಿಮ್ಮ ಸೊಸೆ ತಾನೇ ಒಗೆದೆ ಅಂತಾಳೆ. ಅಷ್ಟೂ ಗೊತ್ತಾಗಲ್ವಾ?” ಎಂದ ನಿರ್ದೇಶಕ.

“ಅವಳಲ್ಲ, ನಾನು. ಗೊತ್ತಾಗದವಳೂ ನಾನೇ. ಒಂದು ಗಂಟೆ ಕೊಡಪ್ಪಾ.”

ಮದುವೆಯಾದಾಗಿನಿಂದ ಯಾರೆದುರೂ ತಪ್ಪೊಪ್ಪಿಕೊಂಡವಳಲ್ಲ.

ಸೆಟ್ಟಿನವರು ತೆಗೆದಿಟ್ಟಿದ್ದ ನಿನ್ನೆಯ ಫೋಟೊ ಎದುರಿಟ್ಟುಕೊಂಡು ಬ್ರಷ್ಷಿನಿಂದ ರಕ್ತ ಬರೆದೆ. ಮನೆಯವರು ಪಕ್ಕದಲ್ಲಿ — “ಜೇಬಿನ ಹತ್ರ ಇನ್ನೊಂದು ಹನಿ ಕಣೆ. ಜಿಪುಣತನ ಮಾಡ್ಬೇಡ.”

“ನೀವು ಸುಮ್ನಿರಿ.”

ಹಾಕಿದೆ ಆ ಹನಿ. ಬೇಕಿತ್ತು.

ಎರಡನೇ ಟೇಕ್‌ಗೆ ಓಕೆ.

ಆಗಸ್ಟ್ 20

ಸಿನಿಮಾ ಬಿಡುಗಡೆಯಾಯಿತು. ಬೆಳಗಿನ ಆಟಕ್ಕೆ ಎಲ್ಲರೂ ಹೋದೆವು. ಸೊಸೆಯ ಮುಖ ತೆರೆ ತುಂಬ ಬಂತು. ಬಾಯಿ ತೆರೆದಳು. ಧ್ವನಿ ಬೇರೆ ಯಾರದೋ! ಡಬ್ಬಿಂಗ್‌ನವಳದು, ತೆಳ್ಳಗೆ, ಸೀಟಿ ಊದಿದ ಹಾಗೆ.

ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. “ಮುಖ ಆದ್ರೂ ನಂದೇ ಬಿಟ್ಟಿದಾರಲ್ಲ ಅತ್ತೆ. ಸಾಕು. ಈ ಆಸೇನ ಇನ್ನು ಮಡಚಿಡ್ತೀನಿ.”

ಮಡಚುವುದೇನಿದ್ದರೂ ನಾನು ಹೇಳಿದ ಮೇಲೆ. ಮನೆಗೆ ಬಂದು ಊಟಕ್ಕೆ ಕೂತಾಗ, ಸದ್ದು ಬೇಡವೆಂದು ಮಗನಿಗೆ ಫ್ಯಾನ್ ಆರಿಸಲು ಹೇಳಿದೆ.

“ಆ ನರ್ಸ್ ಮಾತು ಇಲ್ಲಿ ಹೇಳು. ನಿನ್ನ ಗಂಟಲಲ್ಲಿ.”

“ಊಟದ ಮಧ್ಯೆನಾ ಅತ್ತೆ?”

“ಇಲ್ಲಿ ಡೈರೆಕ್ಟರ್ ನಾನು. ಹೇಳು.”

ಎದ್ದು ನಿಂತಳು. ಬಾಗಿಲ ಕಡೆ ತಿರುಗಿದಳು. “ದಾರಿ ಬಿಡಿ, ಇವರಿಗಿನ್ನೂ ಜೀವ ಇದೆ!”

ಎಂಥ ಗಂಟಲು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳಿರಲಿಲ್ಲ. ಮನೆಯವರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. “ಇನ್ನೊಂದು ಸಲ,” ಎಂದೆ. ಮತ್ತೂ ಒಂದು ಸಲ.

ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿಲ್ಲ ಇನ್ನೂ. ಈಗ ಒಳಗೆ ಬಟ್ಟೆ ಜೋಡಿಸುತ್ತ ಆ ಸಾಲನ್ನು ತಾನೇ ಹೇಳಿಕೊಳ್ಳುತ್ತಿದ್ದಾಳೆ. ಎದ್ದು ಹೋಗಿ ಹೇಳಿಬಿಡುತ್ತೇನೆ…